ಟವೆಲ್ಲಿನ ಮರೆಯಿಂದ ಗಣಕಜಾಲದವರೆಗೆ: ಹಂಚಿಕೆಯ ಗಣಿತದ ಒಂದು ಚರಿತ್ರೆ

ಬ್ಯಾಡಗಿಯ ಮೆಣಸಿನಕಾಯಿಯ ಮಾತು ಬಂದಾಗಲೆಲ್ಲ ನಾವು ಅದರ ಬಣ್ಣವನ್ನು ಹೊಗಳುತ್ತೇವೆ, ಘಾಟು ಕಡಿಮೆಯೆಂದು ಮೆಚ್ಚುತ್ತೇವೆ, 2011ರಲ್ಲಿ ಅದಕ್ಕೆ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆತುದನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಆದರೆ ಅಲ್ಲಿಯ ಪೇಟೆಯಲ್ಲಿ ಸೋಮವಾರ ಮತ್ತು ಗುರುವಾರಗಳಂದು ನಡೆಯುತ್ತ ಬಂದಿರುವ ಟೆಂಡರ್ ಎಂಬುದು ಒಂದು ಗಣಿತದ ಸಮಸ್ಯೆಯೂ ಹೌದೆಂದು ಯಾರೂ ಹೇಳಿದ್ದನ್ನು ನಾನು ಕೇಳಿಲ್ಲ. ರಾಣೇಬೆನ್ನೂರಿನಲ್ಲಿ ಮೂರು ದಶಕಗಳ ಕಾಲ ಗಣಿತ ಕಲಿಸಿದವನಿಗೆ ಇದೊಂದು ಕೊರತೆಯಾಗಿ ಕಾಣುವುದು ಸಹಜ. ಇನ್ನೂ ಸ್ವಾರಸ್ಯದ ಸಂಗತಿಯೆಂದರೆ, ಗಣಕಯಂತ್ರಗಳ ಜಾಲದಲ್ಲಿ ಯಾರಿಗೆ ಎಷ್ಟು ದಾರಿ ಬಿಡಬೇಕೆಂದು ನಿರ್ಣಯಿಸಲು ವಿದ್ವಾಂಸರು ಬಳಸುವ ಗಣಿತವೂ ಇದೇ. ಎರಡರ ಚರಿತ್ರೆಯನ್ನೂ ಒಟ್ಟಿಗೆ ಹೇಳಿದರೆ ಒಂದರಿಂದ ಇನ್ನೊಂದು ತಿಳಿಯಾಗುತ್ತದೆ ಎಂಬ ನಂಬಿಕೆಯಿಂದ ಈ ಬರಹ.

ಟೆಂಡರ್ ಪದ್ಧತಿ ಬರುವ ಮೊದಲು ನಮ್ಮ ಕಡೆಯ ಪೇಟೆಗಳಲ್ಲಿ ಬೆಲೆ ಗೊತ್ತಾಗುತ್ತಿದ್ದುದು ಟವೆಲ್ಲಿನ ಮರೆಯಲ್ಲಿ. ಇಬ್ಬರು ಒಂದು ವಸ್ತ್ರದ ಕೆಳಗೆ ಕೈ ಹಿಡಿದು, ಬೆರಳುಗಳನ್ನು ಒತ್ತಿ, ಬಾಯಿ ಬಿಡದೆ ವ್ಯಾಪಾರ ಮುಗಿಸುವರು. ಹಾವೇರಿಯ ದನದ ಪೇಟೆಯಲ್ಲಿ ಈ ವಿದ್ಯೆಯನ್ನು ನಾನು ಬಾಲ್ಯದಲ್ಲಿ ಬೆರಗಿನಿಂದ ನೋಡಿದ್ದೇನೆ. ಎತ್ತಿನ ವ್ಯಾಪಾರದಲ್ಲಿ ಟವೆಲ್ಲಿನೊಳಗೆ ಇರುವುದು ಮಾಲೀಕನದೇ ಕೈ. ಅವನಿಗೆ ಬೆಲೆ ಗೊತ್ತು, ಸುತ್ತ ನಿಂತವರಿಗೆ ಗೊತ್ತಿಲ್ಲ, ಅಷ್ಟೆ. ಆದರೆ ಹತ್ತಿ, ಧಾನ್ಯ, ಮೆಣಸಿನಕಾಯಿಗಳ ಪೇಟೆಯಲ್ಲಿ ಒಳಗೆ ಇರುತ್ತಿದ್ದುದು ದಲಾಲನ ಕೈ. ಬೆಳೆದವನು ಹೊರಗೆ ನಿಂತು ಆ ವಸ್ತ್ರದ ಅಲುಗಾಟವನ್ನು ನೋಡುತ್ತಿದ್ದ. ಎಷ್ಟಕ್ಕೆ ಮುಗಿಯಿತು, ಎಷ್ಟಕ್ಕೆ ಮುಗಿಯಿತೆಂದು ತನಗೆ ಹೇಳಲಾಗುತ್ತಿದೆ ಎಂಬೆರಡರ ನಡುವಿನ ಅಂತರವನ್ನು ಅವನು ತಿಳಿಯುವ ಬಗೆ ಇರಲಿಲ್ಲ.

ಈ ಅನ್ಯಾಯ ಸರಕಾರದ ಗಮನಕ್ಕೆ ಬಾರದೆ ಇರಲಿಲ್ಲ. ಧಾರವಾಡ ಜಿಲ್ಲೆ ಆಗ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಹಾವೇರಿ, ರಾಣೇಬೆನ್ನೂರು, ಬ್ಯಾಡಗಿ ಮೂರೂ ಆ ಜಿಲ್ಲೆಯಲ್ಲಿದ್ದವು. (ಹಾವೇರಿ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ.) 1927ರಲ್ಲಿ ಮುಂಬಯಿಯ ಹತ್ತಿ ಮಾರುಕಟ್ಟೆ ಕಾಯಿದೆ ಬಂತು. ಮರುವರ್ಷ ಕೃಷಿಯನ್ನು ಕುರಿತ ರಾಯಲ್ ಕಮಿಷನ್ ತನ್ನ ವರದಿಯಲ್ಲಿ ನಿಯಂತ್ರಿತ ಮಾರುಕಟ್ಟೆಗಳು ಬೇಕೆಂದು ಶಿಫಾರಸು ಮಾಡಿತು. 1939ರಲ್ಲಿ ಮುಂಬಯಿಯ ಕೃಷಿ ಉತ್ಪನ್ನ ಮಾರುಕಟ್ಟೆ ಕಾಯಿದೆ, ಏಕೀಕರಣದ ನಂತರ 1966ರಲ್ಲಿ ನಮ್ಮ ರಾಜ್ಯದ ಕಾಯಿದೆ. ಈ ಕಾಯಿದೆಗಳ ಸಾಲನ್ನು ವಿವರಿಸಿ ಓದುಗರನ್ನು ದಣಿಸಲಾರೆ. ಅವುಗಳ ಸಾರವೆಂದರೆ ಟವೆಲ್ಲನ್ನು ತೆಗೆದು ಚೀಟಿಯನ್ನು ತಂದದ್ದು.

ಚೀಟಿಯ ಕ್ರಮ ಹೀಗೆ. ದಲಾಲಿ ಅಂಗಡಿಯ ಮುಂದೆ ಪ್ರತಿಯೊಬ್ಬ ರೈತನ ಮಾಲಿಗೂ ಒಂದು ಲಾಟ್ ಸಂಖ್ಯೆ. ಖರೀದಿದಾರರು ಅಂಗಡಿಯಿಂದ ಅಂಗಡಿಗೆ ನಡೆದು, ಚೀಲದೊಳಗೆ ಕೈಹಾಕಿ, ಕಾಯಿಯನ್ನು ಮುರಿದು, ಬಣ್ಣವನ್ನೂ ತೇವವನ್ನೂ ಅಂದಾಜಿಸಿ, ತಮ್ಮ ದರವನ್ನು ಚೀಟಿಯಲ್ಲಿ ಬರೆದು ಕೊಡುತ್ತಾರೆ. ಒಬ್ಬರು ಬರೆದುದು ಇನ್ನೊಬ್ಬರಿಗೆ ಕಾಣದು. ವೇಳೆ ಮುಗಿದ ಬಳಿಕ ಹೆಚ್ಚು ಬರೆದವನಿಗೆ ಮಾಲು, ಅವನು ಬರೆದ ಬೆಲೆಗೇ. ಬೆಲೆ ಒಪ್ಪಿಗೆಯಾಗದಿದ್ದರೆ ರೈತನು ನಿರಾಕರಿಸಬಹುದು.

ಇಲ್ಲಿ ಖರೀದಿದಾರನ ಮನಸ್ಸಿನೊಳಗೆ ನಡೆಯುವುದೇನು? ಒಂದು ಲಾಟಿನ ನಿಜವಾದ ಬೆಲೆ ಕ್ವಿಂಟಲಿಗೆ 20,000 ರೂಪಾಯಿ ಎಂದು ಅವನಿಗೆ ಅನ್ನಿಸಿದರೂ ಅವನು 20,000 ಬರೆಯಲಾರ. ಬರೆದರೆ ಗೆದ್ದರೂ ಲಾಭವಿಲ್ಲ. ತೀರ ಇಳಿಸಿ ಬರೆದರೆ ಮಾಲು ಕೈತಪ್ಪುತ್ತದೆ. ಎಷ್ಟು ಇಳಿಸಬೇಕು ಎಂಬುದು ಉಳಿದವರು ಎಷ್ಟು ಇಳಿಸುತ್ತಾರೆ ಎಂಬುದನ್ನು ಅವಲಂಬಿಸಿದೆ. ಉಳಿದವರೂ ಇವನನ್ನು ಕುರಿತು ಹೀಗೆಯೇ ಯೋಚಿಸುತ್ತಿರುತ್ತಾರೆ. ಒಬ್ಬನ ಹಿತವು ಮತ್ತೊಬ್ಬನ ನಡೆಯನ್ನು ಅವಲಂಬಿಸಿರುವ ಇಂಥ ಸನ್ನಿವೇಶಗಳನ್ನು ಅಭ್ಯಸಿಸುವ ಗಣಿತಶಾಖೆಗೆ ಆಟದ ಸಿದ್ಧಾಂತ ಎಂದು ಹೆಸರು. ಹೆಸರು ಕೇಳಿ ಮೋಸಹೋಗಬಾರದು. ಇದರಲ್ಲಿ ಆಟಕ್ಕಿಂತ ಪಾಡೇ ಹೆಚ್ಚು.

ಒಂಬತ್ತನೆಯ ತರಗತಿಯಲ್ಲಿ ಬಿಡುವಿನ ಅವಧಿ ಸಿಕ್ಕಾಗ ನಾನು ಇದನ್ನು ಮಕ್ಕಳಿಂದ ಆಡಿಸುತ್ತಿದ್ದೆ. ಒಬ್ಬೊಬ್ಬರಿಗೂ ಒಂದರಿಂದ ನೂರರೊಳಗಿನ ಒಂದು ಸಂಖ್ಯೆಯನ್ನು ಗುಟ್ಟಾಗಿ ಕೊಡುವುದು. ಅದು ಅವರ ಪಾಲಿಗೆ ಮಾಲಿನ ಬೆಲೆ. ಅವರು ಚೀಟಿಯಲ್ಲಿ ತಮ್ಮ ಟೆಂಡರ್ ಬರೆಯಬೇಕು. ಗೆದ್ದವರಿಗೆ ಉಳಿದ ವ್ಯತ್ಯಾಸಕ್ಕೆ ತಕ್ಕಷ್ಟು ಶೇಂಗಾದ ಉಂಡಿ. ಇಬ್ಬರೇ ಆಡುವಾಗ 80 ಸಿಕ್ಕವರು 45, 50 ಬರೆಯುತ್ತಿದ್ದರು. ಇಡೀ ತರಗತಿ ಆಡುವಾಗ ಅದೇ 80ಕ್ಕೆ 75, 77 ಬರುತ್ತಿತ್ತು. ಒಮ್ಮೆ ಹಿಂದಿನ ಬೆಂಚಿನ ಹುಡುಗನೊಬ್ಬ ಚೀಟಿಯನ್ನು ಮಡಿಸಿ ಹಿಡಿದು, "ಮಂದಿ ಎಷ್ಟ್ ಅದಾರ ಅನ್ನೂದು ಮೊದಲ ಹೇಳ್ರಿ ಸರ, ಆಮ್ಯಾಲೆ ಬರೀತೀನಿ" ಎಂದ. ಅವನ ತಂದೆ ಪೇಟೆಯಲ್ಲಿ ಹಮಾಲರಾಗಿದ್ದರು. ಆ ಹುಡುಗ ಕೇಳಿದ ಪ್ರಶ್ನೆಯಲ್ಲಿಯೇ ಈ ಗಣಿತದ ಮುಕ್ಕಾಲು ಭಾಗ ಅಡಗಿದೆ.

ಅದನ್ನು ಕ್ರಮಬದ್ಧವಾಗಿ ಹೇಳಿದವರು ಕೊಲಂಬಿಯಾ ವಿಶ್ವವಿದ್ಯಾಲಯದ ವಿಲಿಯಂ ವಿಕ್ರಿ. 1961ರಲ್ಲಿ ಪ್ರಕಟವಾದ ಅವರ ಪ್ರಬಂಧದ ಶೀರ್ಷಿಕೆಯಲ್ಲಿಯೇ ಮುಚ್ಚಿದ ಟೆಂಡರ್ ಎಂಬ ಮಾತಿದೆ. ಖರೀದಿದಾರರ ಅಂದಾಜುಗಳು ಸೊನ್ನೆಯಿಂದ ಒಂದು ಮಿತಿಯವರೆಗೆ ಸಮನಾಗಿ ಹರಡಿವೆ, ಯಾರೂ ಒಳಗೊಳಗೆ ಮಾತಾಡಿಕೊಂಡಿಲ್ಲ ಎಂದಿಟ್ಟುಕೊಂಡರೆ ಲೆಕ್ಕ ಬಹಳ ಸರಳ. ಇಬ್ಬರಿದ್ದರೆ ಪ್ರತಿಯೊಬ್ಬನೂ ತನ್ನ ಅಂದಾಜಿನ ಅರ್ಧವನ್ನು ಬರೆಯುತ್ತಾನೆ. ಐವರಿದ್ದರೆ ಐದರಲ್ಲಿ ನಾಲ್ಕು ಪಾಲು. ಹತ್ತು ಮಂದಿಯಿದ್ದರೆ ಹತ್ತರಲ್ಲಿ ಒಂಬತ್ತು ಪಾಲು. ನಮ್ಮ 20,000 ರೂಪಾಯಿಯ ಲಾಟಿಗೆ ಅದು ಕ್ರಮವಾಗಿ 10,000, 16,000 ಮತ್ತು 18,000. ಕಾಯಿ ಅದೇ, ರೈತ ಅವನೇ, ಬದಲಾದದ್ದು ಚೀಟಿ ಬರೆದವರ ಸಂಖ್ಯೆ ಮಾತ್ರ.

ವಿಕ್ರಿಯವರು ಇನ್ನೊಂದು ವಿಚಿತ್ರವಾದ ನಿಯಮವನ್ನೂ ಮುಂದಿಟ್ಟರು. ಹೆಚ್ಚು ಬರೆದವನೇ ಗೆಲ್ಲಲಿ, ಆದರೆ ಅವನು ಎರಡನೆಯವನು ಬರೆದ ಬೆಲೆಯನ್ನು ಕೊಡಲಿ. ಆಗ ಇಳಿಸಿ ಬರೆಯುವುದರಿಂದ ಯಾರಿಗೂ ಪ್ರಯೋಜನವಿಲ್ಲ. ಬರೆದ ದರ ಗೆಲುವನ್ನು ಮಾತ್ರ ನಿರ್ಣಯಿಸುತ್ತದೆ, ಕೊಡುವ ಹಣವನ್ನಲ್ಲ. ಹಾಗಾಗಿ ಪ್ರತಿಯೊಬ್ಬನೂ ತನಗೆ ಅನ್ನಿಸಿದ ನಿಜವಾದ ಬೆಲೆಯನ್ನೇ ಬರೆಯುವುದು ಜಾಣತನ. ಸತ್ಯ ಹೇಳಿರೆಂದು ಉಪದೇಶಿಸುವ ಬದಲು, ಸತ್ಯ ಹೇಳಿದರೆ ನಷ್ಟವಾಗದ ನಿಯಮವನ್ನು ಕಟ್ಟುವುದು: ಇದು ಅಧ್ಯಾಪಕನಾದ ನನಗೆ ಬಹಳ ಹಿಡಿಸಿದ ವಿಚಾರ. 1971ರಲ್ಲಿ ಕ್ಲಾರ್ಕ್, 1973ರಲ್ಲಿ ಗ್ರೋವ್ಸ್ ಇದನ್ನು ಹಲವು ವಸ್ತುಗಳನ್ನು ಹಲವರಿಗೆ ಹಂಚುವ ಸಂದರ್ಭಕ್ಕೂ ವಿಸ್ತರಿಸಿದರು. ಅಲ್ಲಿ ಪ್ರತಿಯೊಬ್ಬನೂ ತೆರಬೇಕಾದುದು ತನ್ನಿಂದ ಉಳಿದವರಿಗೆ ಆದ ನಷ್ಟವನ್ನು. ವಿಕ್ರಿಯವರಿಗೆ 1996ರಲ್ಲಿ ನೊಬೆಲ್ ಪಾರಿತೋಷಕ ಘೋಷಣೆಯಾಯಿತು. ಮೂರೇ ದಿನಗಳಲ್ಲಿ ಅವರು ತೀರಿಕೊಂಡರು.

ಈಗ ಗಣಕಜಾಲದ ಕಡೆಗೆ. ಈ ದಾರಿಯನ್ನು ನನಗೆ ತೋರಿಸಿದವನು ಬೆಂಗಳೂರಿನಲ್ಲಿ ಜಾಲಗಳ ಕೆಲಸ ಮಾಡುತ್ತಿರುವ ನನ್ನ ಹಳೆಯ ವಿದ್ಯಾರ್ಥಿ. ದೀಪಾವಳಿಗೆ ಊರಿಗೆ ಬಂದಾಗ ತನ್ನ ಕೆಲಸವನ್ನು ವಿವರಿಸುತ್ತ, "ಸರ, ಇದು ನಮ್ಮ ಬ್ಯಾಡಗಿ ಟೆಂಡರ್ ಇದ್ದಂಗ ಐತ್ರಿ, ಮೆಣಸಿನಕಾಯಿ ಬದಲಿ ದಾರಿ ಮಾರತೇವಿ" ಎಂದ. ಉಪಮೆ ನೆಟ್ಟಗಿದೆಯೋ ಇಲ್ಲವೋ ಎಂದು ನೋಡಲು ನಾನು ಓದತೊಡಗಿದೆ.

ಜಾಲವೆಂದರೆ ಸಂದೇಶಗಳು ಸಾಗುವ ದಾರಿಗಳ ಹೆಣಿಗೆ. ದಾರಿಯ ಅಗಲ ಮಿತವಾದದ್ದು, ಬಳಸುವವರು ಅಗಣಿತ. 1986ರ ಅಕ್ಟೋಬರಿನಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ, ಕೆಲವೇ ನೂರು ಗಜಗಳ ಅಂತರದ ಎರಡು ಸಂಸ್ಥೆಗಳ ನಡುವಿನ ಸಂಪರ್ಕದ ವೇಗ ಸೆಕೆಂಡಿಗೆ 32,000 ಬಿಟ್‌ಗಳಿಂದ 40 ಬಿಟ್‌ಗಳಿಗೆ ಕುಸಿಯಿತು. ಕಾರಣ ದಟ್ಟಣೆ. ಸಂದೇಶ ತಲುಪಲಿಲ್ಲವೆಂದು ಪ್ರತಿ ಯಂತ್ರವೂ ಮತ್ತೆ ಮತ್ತೆ ಕಳಿಸಿ ದಾರಿಯನ್ನು ಇನ್ನಷ್ಟು ಕಟ್ಟಿಹಾಕಿತು. ವ್ಯಾನ್ ಜೇಕಬ್ಸನ್ 1988ರಲ್ಲಿ ಪ್ರಕಟಿಸಿದ ಪರಿಹಾರವೆಂದರೆ ಸೌಜನ್ಯ: ದಟ್ಟಣೆಯ ಸುಳಿವು ಸಿಕ್ಕೊಡನೆ ಪ್ರತಿ ಯಂತ್ರವೂ ತಾನಾಗಿ ಹಿಂದೆ ಸರಿಯಬೇಕು, ಆಮೇಲೆ ನಿಧಾನವಾಗಿ ಮುಂದೆ ಬರಬೇಕು. ಇದು ಕೆಲಸ ಮಾಡಿತು. ಆದರೆ ಹಿಂದೆ ಸರಿಯದ ಒರಟನೊಬ್ಬ ಸೇರಿಕೊಂಡರೆ ಸರಿದವರ ಪಾಲನ್ನೂ ಅವನೇ ಕಬಳಿಸುತ್ತಾನೆ. ಕೆರೆಯ ತೂಬಿನ ಹತ್ತಿರದ ಹೊಲದವನು ಬದುವನ್ನು ಒಡೆದುಕೊಂಡರೆ ಕೊನೆಯ ಹೊಲದವನಿಗೆ ಏನಾಗುತ್ತದೆಂದು ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಇಂಥ ಸ್ವಾರ್ಥದಿಂದ ಆಗುವ ನಷ್ಟವನ್ನು ಅಳೆಯುವ ಕೆಲಸ 1999ರಲ್ಲಿ ಕುಟ್ಸೂಪಿಯಾಸ್ ಮತ್ತು ಪಾಪಡಿಮಿಟ್ರಿಯು ಅವರಿಂದ ಆರಂಭವಾಯಿತು. ಅರಾಜಕತೆಯ ಬೆಲೆ ಎಂಬ ಹೆಸರು ಆ ಅಳತೆಗೆ ಬಂದಿದೆ. ಕೆಲವೇ ವರ್ಷಗಳಲ್ಲಿ ರಫ್‌ಗಾರ್ಡನ್ ಮತ್ತು ತಾರ್ಡೋಶ್ ಒಂದು ಸೊಗಸಾದ ಫಲಿತಾಂಶವನ್ನು ಸಾಧಿಸಿದರು: ದಟ್ಟಣೆ ಹೆಚ್ಚಿದಂತೆ ವಿಳಂಬವೂ ಸರಳರೇಖೆಯಂತೆ ಹೆಚ್ಚುವ ಜಾಲದಲ್ಲಿ, ಪ್ರತಿಯೊಬ್ಬನೂ ತನ್ನ ದಾರಿಯನ್ನು ತಾನೇ ಆರಿಸಿಕೊಂಡರೆ ಒಟ್ಟು ವಿಳಂಬವು ಅತ್ಯುತ್ತಮ ಹಂಚಿಕೆಯ ವಿಳಂಬಕ್ಕಿಂತ ಮೂರನೆಯ ಒಂದು ಪಾಲಿಗಿಂತ ಹೆಚ್ಚಾಗದು. ಸ್ವಾರ್ಥಕ್ಕೂ ಒಂದು ಮಿತಿಯುಂಟೆಂದು ಗಣಿತ ಹೇಳುವುದು ಅಪರೂಪ.

ಆ ಮೂರನೆಯ ಒಂದು ಪಾಲನ್ನೂ ಉಳಿಸಿಕೊಳ್ಳಬೇಕೆಂದರೆ ಇಡೀ ಜಾಲವನ್ನು ಒಂದೇ ನೋಟದಲ್ಲಿ ನೋಡಬಲ್ಲವನೊಬ್ಬನು ಬೇಕು. ಹಳೆಯ ಜಾಲಗಳಲ್ಲಿ ಅಂಥವನಿರಲಿಲ್ಲ. ಪ್ರತಿ ಕವಲಿನಲ್ಲಿಯೂ ಇರುವ ಸ್ವಿಚ್ ಎಂಬ ಪೆಟ್ಟಿಗೆಯೇ ಸಂದೇಶವನ್ನು ಯಾವ ಕಡೆಗೆ ಕಳಿಸಬೇಕೆಂದು ತೀರ್ಮಾನಿಸುತ್ತಿತ್ತು, ತಾನೇ ಕಳಿಸುತ್ತಲೂ ಇತ್ತು. ಸ್ಟ್ಯಾನ್‌ಫರ್ಡಿನ ನಿಕ್ ಮೆಕ್‌ಕ್ಯೂನ್ ಮತ್ತು ಸಂಗಡಿಗರು 2008ರಲ್ಲಿ ಪ್ರಕಟಿಸಿದ ಓಪನ್‌ಫ್ಲೋ ಎಂಬ ಕ್ರಮ ಈ ಎರಡು ಕೆಲಸಗಳನ್ನು ಬೇರ್ಪಡಿಸಿತು. ಕಳಿಸುವ ಕೆಲಸ ಪೆಟ್ಟಿಗೆಯದು. ತೀರ್ಮಾನ ಮಾತ್ರ ಕೇಂದ್ರದಲ್ಲಿರುವ ಕಂಟ್ರೋಲರ್ ಎಂಬ ತಂತ್ರಾಂಶದ್ದು. ತಂತ್ರಾಂಶ-ನಿರ್ದೇಶಿತ ಜಾಲವೆಂದರೆ ಇದೇ. ತನ್ನ ದತ್ತಾಂಶ ಕೇಂದ್ರಗಳನ್ನು ಹೀಗೆ ಜೋಡಿಸಿದ ಗೂಗಲ್ ಸಂಸ್ಥೆ ಕೆಲವು ದಾರಿಗಳನ್ನು ಹೆಚ್ಚುಕಡಿಮೆ ಪೂರ್ತಿಯಾಗಿ ತುಂಬಿ ಬಳಸಲು ಸಾಧ್ಯವಾಯಿತೆಂದು 2013ರಲ್ಲಿ ವರದಿ ಮಾಡಿತು. ಅಲ್ಲಿ ಟೆಂಡರಿನ ಅಗತ್ಯವಿರಲಿಲ್ಲ, ಏಕೆಂದರೆ ದಾರಿಯೂ ಸಂದೇಶವೂ ಒಬ್ಬನೇ ಯಜಮಾನನದು. ಒಂದೇ ಮನೆಯ ಅಡಿಗೆಮನೆಯಲ್ಲಿ ಯಾರೂ ಹರಾಜು ಕೂಗುವುದಿಲ್ಲ.

ಒಂದೇ ಜಾಲವನ್ನು ಹಲವು ಬಾಡಿಗೆದಾರರು ಹಂಚಿಕೊಂಡಾಗ ಸಂಗತಿ ಬೇರೆ. ನಿನಗೆಷ್ಟು ಬೇಕೆಂದು ಕಂಟ್ರೋಲರ್ ಕೇಳಿದರೆ ಎಲ್ಲರೂ ಹೆಚ್ಚಿಗೆ ಹೇಳುತ್ತಾರೆ. ಅಲ್ಲಿಗೆ ವಿಕ್ರಿ ಮತ್ತೆ ಬರುತ್ತಾರೆ. ಬಾಡಿಗೆದಾರರು ದಾರಿಯ ಅಗಲಕ್ಕೆ ದರ ಬರೆಯುತ್ತಾರೆ, ತಮ್ಮಿಂದ ಉಳಿದವರಿಗಾದ ನಷ್ಟವನ್ನು ತೆರುತ್ತಾರೆ, ನಿಜ ಹೇಳುವುದೇ ಲಾಭವಾಗುತ್ತದೆ. ಜಾಲದ ಒಡೆಯನು ಮೊದಲು ದರ ಘೋಷಿಸಿ, ಅದನ್ನು ನೋಡಿ ಬಾಡಿಗೆದಾರರು ಬೇಡಿಕೆಯನ್ನು ತಗ್ಗಿಸುವ ನಾಯಕ-ಅನುಯಾಯಿ ಮಾದರಿ ಇನ್ನೊಂದು. ಮೂರನೆಯದು ಜಾನ್ ನ್ಯಾಶ್ 1950ರಲ್ಲಿ ಹೇಳಿದ ಚೌಕಾಶಿಯ ಸೂತ್ರ: ಎಲ್ಲರ ಲಾಭಗಳ ಮೊತ್ತವನ್ನಲ್ಲ, ಗುಣಲಬ್ಧವನ್ನು ಗರಿಷ್ಠಗೊಳಿಸಬೇಕು. ಮೊತ್ತದಲ್ಲಿ ಒಬ್ಬನಿಗೆ ಸೊನ್ನೆ ಸಿಕ್ಕರೂ ಲೆಕ್ಕ ಕೂಡುತ್ತದೆ. ಗುಣಾಕಾರದಲ್ಲಿ ಒಬ್ಬನಿಗೆ ಸೊನ್ನೆಯಾದರೆ ಎಲ್ಲವೂ ಸೊನ್ನೆ. ಕೊನೆಯ ಹೊಲದವನನ್ನು ಮರೆಯಲು ಬಿಡದ ಸೂತ್ರ ಅದು. ಕೇಂಬ್ರಿಡ್ಜಿನ ಫ್ರ್ಯಾಂಕ್ ಕೆಲಿಯವರು 1990ರ ದಶಕದ ಕೊನೆಯಲ್ಲಿ ಇದೇ ಭಾವವನ್ನು ಜಾಲದ ದರನಿಗದಿಗೆ ಅನ್ವಯಿಸಿದರು.

ವಿದ್ಯಾರ್ಥಿಯ ಉಪಮೆ ನೆಟ್ಟಗಿದೆಯೆಂದು ಒಪ್ಪಿಕೊಂಡೆ. ಒಂದು ವ್ಯತ್ಯಾಸ ಮಾತ್ರ ಉಂಟು: ಜಾಲದಲ್ಲಿ ಈ ಕ್ಷಣ ಬಳಸದ ದಾರಿ ಮುಂದಿನ ಕ್ಷಣಕ್ಕೆ ಉಳಿಯುವುದಿಲ್ಲ, ಮೆಣಸಿನಕಾಯಿಯನ್ನು ಕೋಲ್ಡ್ ಸ್ಟೋರೇಜಿನಲ್ಲಿ ಇಡಬಹುದು. ಈ ವ್ಯತ್ಯಾಸ ಮುಂದೆ ಬೇಕಾಗುತ್ತದೆ.

ಇತ್ತ ನಮ್ಮ ಪೇಟೆಗಳಲ್ಲಿಯೂ ತೀರ್ಮಾನ ಪ್ರಾಂಗಣದಿಂದ ಹೊರಕ್ಕೆ ಹೊರಟಿತ್ತು. ಕರ್ನಾಟಕ ಸರಕಾರ 2013ರಲ್ಲಿ ಕೃಷಿ ಮಾರಾಟ ನೀತಿಯನ್ನು ರೂಪಿಸಿ, 2014ರ ಆರಂಭದಲ್ಲಿ ಎನ್‌ಸಿಡಿಇಎಕ್ಸ್ ಸ್ಪಾಟ್ ವಿನಿಮಯ ಸಂಸ್ಥೆಯ ಜೊತೆ ರಾಷ್ಟ್ರೀಯ ಇ-ಮಾರ್ಕೆಟ್ ಸರ್ವಿಸಸ್ ಎಂಬ ಜಂಟಿ ಕಂಪನಿಯನ್ನು ಸ್ಥಾಪಿಸಿತು. ಅದೇ ಫೆಬ್ರವರಿಯಲ್ಲಿ ಏಕೀಕೃತ ಮಾರುಕಟ್ಟೆ ವೇದಿಕೆಗೆ ಚಾಲನೆ ದೊರೆಯಿತು. ಕೇಂದ್ರದ ಇ-ನ್ಯಾಮ್ ಬಂದದ್ದು ಎರಡು ವರ್ಷಗಳ ಬಳಿಕ, 2016ರ ಏಪ್ರಿಲಿನಲ್ಲಿ. ಮಾಲು ಬ್ಯಾಡಗಿಯಲ್ಲಿಯೇ ಇರುತ್ತದೆ, ತೂಕವೂ ಹಮಾಲಿಯೂ ಅಲ್ಲಿಯೇ. ದರಗಳನ್ನು ಹೋಲಿಸಿ ಗೆದ್ದವನನ್ನು ಹೆಸರಿಸುವುದು ಮಾತ್ರ ಎಲ್ಲಿಯೋ ಇರುವ ಗಣಕ. ಸ್ವಿಚ್ ಮತ್ತು ಕಂಟ್ರೋಲರ್ ಬೇರೆಯಾದಂತೆಯೇ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಗಣಕ ವಿಜ್ಞಾನದ ಪ್ರಾಧ್ಯಾಪಕ ವೈ. ನರಹರಿಯವರ ಆಟದ ಸಿದ್ಧಾಂತ ಮತ್ತು ನಿಯಮ-ರಚನೆಯನ್ನು ಕುರಿತ ಬೃಹತ್ ಗ್ರಂಥ ಹೊರಬಂದದ್ದೂ ಅದೇ 2014ರಲ್ಲಿ ಎಂಬುದು ಕಾಕತಾಳೀಯವಾದರೂ ಸಂತೋಷದ ಸಂಗತಿ.

ಇದರಿಂದ ರೈತನಿಗೆ ಏನು ದೊರೆಯಿತು? ಎಂಐಟಿಯ ರೆಟ್ಸೆಫ್ ಲೆವಿ, ಯಾನ್‌ಚಾಂಗ್ ಝೆಂಗ್, ಸೋಮ್ಯಾ ಸಿಂಘ್ವಿ ಮತ್ತು ಆ ಜಂಟಿ ಕಂಪನಿಯ ಮುಖ್ಯಸ್ಥರಾಗಿದ್ದ ಮನೋಜ್ ರಾಜನ್ ಕೂಡಿ ನಡೆಸಿದ ಅಧ್ಯಯನ 2020ರಲ್ಲಿ ಪ್ರಕಟವಾಯಿತು. ವೇದಿಕೆಯಿಂದಾಗಿ ಭತ್ತಕ್ಕೆ ಶೇ. 5.1, ಶೇಂಗಾಕ್ಕೆ ಶೇ. 3.6, ಗೋವಿನಜೋಳಕ್ಕೆ ಶೇ. 3.5ರಷ್ಟು ಬೆಲೆ ಏರಿತೆಂದು ಅವರು ಕಂಡುಕೊಂಡರು. ರಾಣೇಬೆನ್ನೂರಿನ ಪೇಟೆಯನ್ನು ಬಲ್ಲವರಿಗೆ ಗೋವಿನಜೋಳದ ಅಂಕಿಯ ಮಹತ್ವ ತಿಳಿಯುತ್ತದೆ. ನೂರು ಚೀಲ ತಂದವನಿಗೆ ಮೂರೂವರೆ ಚೀಲದ ಹಣ ಹೆಚ್ಚಿಗೆ ಬಂದಂತೆ. ಹತ್ತಿ, ಹೆಸರು, ತೊಗರಿಗಳಲ್ಲಿ ಗಣನೀಯ ಏರಿಕೆ ಕಾಣಲಿಲ್ಲ.

ಅದೇ ವಿದ್ವಾಂಸರು 2019ರಲ್ಲಿ ರಾಜ್ಯದ ಒಂದು ದೊಡ್ಡ ಬೇಳೆಕಾಳು ಪೇಟೆಯಲ್ಲಿ ಟೆಂಡರಿನ ನಿಯಮವನ್ನೇ ತಿದ್ದಿ ನೋಡಿದರು. ಮೊದಲ ಸುತ್ತು ಎಂದಿನಂತೆ ಮುಚ್ಚಿದ ಟೆಂಡರ್. ಅದರಲ್ಲಿ ಮುಂಚೂಣಿಯಲ್ಲಿ ಬಂದವರಿಗೆ ಮಾತ್ರ ಎರಡನೆಯ ಸುತ್ತಿನಲ್ಲಿ ದರ ಏರಿಸುವ ಅವಕಾಶ. ಬೆಲೆ ಶೇ. 4ಕ್ಕಿಂತ ಹೆಚ್ಚು ಏರಿತು. ಹೊಸ ಖರೀದಿದಾರರನ್ನು ಕರೆತರಲಿಲ್ಲ, ಸಹಾಯಧನ ಕೊಡಲಿಲ್ಲ. ಸ್ಪರ್ಧಿ ಹತ್ತಿರದಲ್ಲಿದ್ದಾನೆ ಎಂಬ ಅರಿವನ್ನು ಖರೀದಿದಾರನಿಗೆ ಮುಟ್ಟಿಸಿದ್ದೇ ಸಾಕಾಯಿತು. ಕಪ್ಪುಹಲಗೆಯ ಮೇಲಿನ ಗಣಿತ ರೈತನ ಜೇಬನ್ನು ತಲುಪಿದ ಇಷ್ಟು ಸ್ಪಷ್ಟವಾದ ಉದಾಹರಣೆ ನಮ್ಮ ನಾಡಿನಲ್ಲಿ ನನಗೆ ಬೇರೆ ಗೊತ್ತಿಲ್ಲ. ಇದರ ಸುದ್ದಿ ನಮ್ಮ ಪತ್ರಿಕೆಗಳಲ್ಲಿ ಇನ್ನಷ್ಟು ಬರಬೇಕಿತ್ತು.

ಆದರೆ ಮೆಣಸಿನಕಾಯಿ ಗೋವಿನಜೋಳವಲ್ಲ. ಜೋಳದ ತೇವವನ್ನು ಯಂತ್ರ ಹೇಳುತ್ತದೆ. ಡಬ್ಬಿ, ಕಡ್ಡಿ ಎಂಬ ಜಾತಿಭೇದ, ಸುಕ್ಕಿನ ಗುಣ, ಕೆಂಪಿನ ಆಳ ಇವನ್ನು ಹೇಳುವುದು ನುರಿತ ಕೈ. ದೂರದ ಊರಿನ ಖರೀದಿದಾರನು ಪರದೆಯ ಮೇಲಿನ ಲಾಟ್ ಸಂಖ್ಯೆಯನ್ನು ನೋಡಿ ದರ ಬರೆಯಲು ಅಂಜುತ್ತಾನೆ. ಹೀಗಾಗಿ ಹಿಂದಿನ ಬೆಂಚಿನ ಹುಡುಗನ ಪ್ರಶ್ನೆಗೆ ಬ್ಯಾಡಗಿಯಲ್ಲಿ ಉತ್ತರ ಕೊಡುವುದು ವೇದಿಕೆ ಎಷ್ಟು ದೂರದವರೆಗೆ ತೆರೆದಿದೆ ಎಂಬುದಲ್ಲ, ಆ ದಿನ ಪ್ರಾಂಗಣದಲ್ಲಿ ಎಷ್ಟು ಮಂದಿ ಚೀಲಕ್ಕೆ ಕೈಹಾಕಿದರು ಎಂಬುದು. ಕೇಂದ್ರದಲ್ಲಿ ಕೂತ ಗಣಕಕ್ಕೆ ಎಲ್ಲ ದರಗಳೂ ಕಾಣುತ್ತವೆ, ಕಾಯಿ ಕಾಣುವುದಿಲ್ಲ. ಇನ್ನೊಂದು ತೊಡಕೂ ಉಂಟು. ಸರ್ವರ್ ಕೈಕೊಟ್ಟರೆ ಮಾಲಿದ್ದರೂ ಟೆಂಡರ್ ಇಲ್ಲ. ಜಾಲದವರು ಇದಕ್ಕೆ ಒಂದರ ಬದಲು ಹಲವು ಕಂಟ್ರೋಲರ್‌ಗಳನ್ನು ಇಟ್ಟು, ಒಂದು ನಿಂತರೆ ಮತ್ತೊಂದು ಕೆಲಸ ಹಿಡಿಯುವಂತೆ ಮಾಡಿಕೊಂಡಿದ್ದಾರೆ.

2024ರ ಮಾರ್ಚ್ 11, ಸೋಮವಾರ. ಅಂದು ಬ್ಯಾಡಗಿಯಲ್ಲಿ ಘೋಷಿತವಾದ ದರಗಳು ಹಿಂದಿನ ವಾರಗಳಿಗಿಂತ ಬಹಳ ಕೆಳಗಿದ್ದವು. ರೈತರು ಸಿಟ್ಟಿಗೆದ್ದು ಎಪಿಎಂಸಿ ಕಚೇರಿಯ ಮೇಲೆ ನುಗ್ಗಿದರು. ವಾಹನಗಳಿಗೆ ಬೆಂಕಿ ಬಿತ್ತು. ಬೆಂಕಿ ಹಚ್ಚಿದ್ದನ್ನು ನಾನು ಸಮರ್ಥಿಸಲಾರೆ. ಆದರೆ ಆ ಸಿಟ್ಟು ಎಲ್ಲಿಂದ ಬಂತೆಂದು ಕೇಳುವುದು ಅಗತ್ಯ. ಆವಕ ಹೆಚ್ಚಾದರೆ ಬೆಲೆ ಇಳಿಯುತ್ತದೆ ಎಂಬುದು ರೈತನಿಗೆ ತಿಳಿಯದ್ದಲ್ಲ. ಇಳಿದದ್ದು ಆವಕದಿಂದಲೋ, ಬರೆದವರ ಸಂಖ್ಯೆ ಕಡಿಮೆಯಾದದ್ದರಿಂದಲೋ, ಬರೆದವರು ಮೊದಲೇ ಮಾತಾಡಿಕೊಂಡದ್ದರಿಂದಲೋ ಎಂಬುದು ಅವನಿಗೆ ಕಾಣುವುದು ಹೇಗೆ? ಪರದೆಯ ಮೇಲೆ ಬರುವುದು ಗೆದ್ದ ದರವೊಂದೇ. ತನ್ನ ಲಾಟಿಗೆ ಎಷ್ಟು ಮಂದಿ ಬರೆದರು, ಎರಡನೆಯವನು ಎಷ್ಟು ಬರೆದ ಎಂಬ ಎರಡು ಅಂಕಿಗಳನ್ನು ಪ್ರತಿ ರೈತನಿಗೂ ಚೀಟಿಯಲ್ಲಿ ಕೊಟ್ಟರೆ ಸಂಶಯದ ಬಹುಭಾಗ ಕರಗೀತು ಎಂಬುದು ನನ್ನ ಅಭಿಪ್ರಾಯ. ಗಣಕದಲ್ಲಿ ಆ ಅಂಕಿಗಳು ಇದ್ದೇ ಇರುತ್ತವೆ.

ಇನ್ನು ದರವನ್ನು ನಿರಾಕರಿಸುವ ಹಕ್ಕು. ಮಾರುವವನು ಒಂದು ಕನಿಷ್ಠ ಬೆಲೆಯನ್ನು ಇಟ್ಟುಕೊಳ್ಳುವುದು ಲಾಭಕರವೆಂದು ರಾಜರ್ ಮೈರ್ಸನ್ 1981ರಲ್ಲಿಯೇ ತೋರಿಸಿದ್ದಾರೆ. ಆದರೆ ಆ ಕನಿಷ್ಠಕ್ಕೆ ಬಲ ಬರುವುದು ಮಾಲನ್ನು ವಾಪಸು ಒಯ್ಯುವ ಶಕ್ತಿ ಇದ್ದಾಗ. ಬ್ಯಾಡಗಿಯ ಸುತ್ತ ಕೋಲ್ಡ್ ಸ್ಟೋರೇಜುಗಳು ಸಾಲುಸಾಲಾಗಿ ಎದ್ದಿವೆ. ಅಲ್ಲಿ ಜಾಗವಿದ್ದು, ಬಾಡಿಗೆ ಕೊಡುವ ಚೈತನ್ಯವಿದ್ದು, ದಲಾಲನಿಂದ ಪಡೆದ ಮುಂಗಡದ ಋಣವಿಲ್ಲದವನು ಗುರುವಾರದವರೆಗೆ ಕಾಯಬಲ್ಲ, ಮಳೆಗಾಲದವರೆಗೂ ಕಾಯಬಲ್ಲ. ಬಳ್ಳಾರಿ, ರಾಯಚೂರಿನ ಕಡೆಯಿಂದ ಬಾಡಿಗೆ ಲಾರಿಯಲ್ಲಿ ರಾತ್ರಿಯೆಲ್ಲ ಬಂದು, ಸಂಜೆಗೆ ಲಾರಿಯನ್ನು ಬಿಟ್ಟುಕೊಡಬೇಕಾದವನ ಪಾಲಿಗೆ ಮೆಣಸಿನಕಾಯಿಯೂ ಜಾಲದ ದಾರಿಯಂತೆಯೇ: ಇಂದು ಮಾರದಿದ್ದರೆ ಇಲ್ಲ. ಅವನೆದುರಿಗೆ ಪರದೆಯ ಮೇಲೆ ಒಪ್ಪಿಗೆ, ನಿರಾಕರಣೆ ಎಂಬ ಎರಡು ಗುಂಡಿಗಳಿದ್ದರೂ ಅವನ ಬೆರಳು ಯಾವುದನ್ನು ಒತ್ತುತ್ತದೆಂದು ಚೀಟಿ ಬರೆಯುವವನಿಗೆ ಮೊದಲೇ ಗೊತ್ತಿರುತ್ತದೆ.